ಮಂಗಳವಾರದ ಹಾಗೆ ನಮ್ಮ ಮಕ್ಕಳಿಗೂ ಒಂದು ದಿನ ಕೊಡಿ

ಮಾನ್ಯ ಆರೋಗ್ಯ ಸಚಿವರಿಗೆ ಮತ್ತು ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,

ನಮಸ್ಕಾರಗಳು.

ನಾನು ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಹದಿನೇಳು ವರ್ಷ ಆಯಿತು. ನಮ್ಮದು ಹಳೆಯ ಬಳ್ಳಾರಿ ಜಿಲ್ಲೆಯ ಒಂದು ಸಣ್ಣ ಊರು. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನಾನು ಹೇಳುತ್ತಿರುವ ಹುಡುಗ ಯಾರು ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಅದು ಅವನಿಗೆ ಬೇಡ.

ಓದು ಬರಹ ಹತ್ತದ ಮಕ್ಕಳನ್ನು ಪರೀಕ್ಷಿಸುವ ಸೈಕಾಲಜಿಸ್ಟ್ ವಾರಕ್ಕೊಂದು ದಿನ ನಮ್ಮ ತಾಲ್ಲೂಕು ಆಸ್ಪತ್ರೆಗೆ ಬರಲಿ ಅಂತ ಕೇಳಲು ಇಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ಯಾಕೆಂದರೆ ಈ ವಿಷಯ ಅರ್ಧ ಆಸ್ಪತ್ರೆಯದು, ಅರ್ಧ ಶಾಲೆಯದು. ಆಸ್ಪತ್ರೆಗೆ ಹೋದರೆ ಶಾಲೆಯಲ್ಲಿ ಕೇಳಿ ಅನ್ನುತ್ತಾರೆ. ಶಾಲೆಯವರು ನಾವು ಆಸ್ಪತ್ರೆಗೆ ತೋರಿಸಿ ಅನ್ನುತ್ತೇವೆ. ಹೀಗೆ ಹೇಳಿಕೊಂಡು ಓಡಾಡುವುದರಲ್ಲೇ ಆ ಹುಡುಗನ ಒಂದು ವರ್ಷ ಕಳೆದುಹೋಯಿತು.

ಹೋದ ವರ್ಷ ಅವನು ಆರನೇ ತರಗತಿಯಲ್ಲಿದ್ದ. ಬಾಯಿ ಬಿಟ್ಟರೆ ಬಯಲಾಟದ ಮಾತುಗಳನ್ನು ನಿಲ್ಲಿಸದೆ ಹೇಳುತ್ತಾನೆ. ಅವನ ತಾತ ಬಯಲಾಟದಲ್ಲಿ ಪಾತ್ರ ಹಾಕುತ್ತಿದ್ದರಂತೆ. ಸಂತೆಯಲ್ಲಿ ಅವ್ವನ ಪಕ್ಕ ಕೂತು ಮೆಣಸಿನಕಾಯಿ ಮಾರುವಾಗ ಒಂದು ರೂಪಾಯಿ ಲೆಕ್ಕ ತಪ್ಪುವುದಿಲ್ಲ. ಆದರೆ ಪುಸ್ತಕ ತೆರೆದ ಕೂಡಲೇ ಬೆವರುತ್ತಾನೆ. ‘ಕತ್ತೆ’ ಅಂತ ಇದ್ದರೆ ‘ಕತೆ’ ಅಂತ ಓದುತ್ತಾನೆ. ‘ಅಕ್ಕ’ ಬರೆ ಅಂದರೆ ‘ಅಕ’ ಬರೆಯುತ್ತಾನೆ. ಪ, ಷ, ವ, ಮ ಹತ್ತಿರ ಹತ್ತಿರ ಬಂದರೆ ಅಲ್ಲೇ ನಿಂತುಬಿಡುತ್ತಾನೆ. ಒಂದು ಸಾಲಿಗೆ ಎರಡು ನಿಮಿಷ ಬೇಕು. ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲು ಏನಿತ್ತು ಅನ್ನುವುದು ಮರೆತಿರುತ್ತದೆ.

ಅವನು ಸೋಮಾರಿ ಅಂತಲೇ ನಾನು ತಿಳಿದಿದ್ದೆ. ಒತ್ತಕ್ಷರಗಳನ್ನು ಹತ್ತು ಸಲ ಬರೆಸಿದೆ, ಆಮೇಲೆ ಇಪ್ಪತ್ತು ಸಲ ಬರೆಸಿದೆ. ಒಂದು ದಿನ ತಾಳ್ಮೆ ತಪ್ಪಿ ಎಲ್ಲರ ಮುಂದೆ ಬೈದೆ. ಮರುದಿನದಿಂದ ನಾಲ್ಕು ದಿನ ಅವನು ಶಾಲೆಗೆ ಬರಲಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಬಿಆರ್‌ಸಿಯ, ಅಂದರೆ ತಾಲ್ಲೂಕಿನ ಶಾಲೆಗಳ ಸಂಪನ್ಮೂಲ ಕೇಂದ್ರದ, ವಿಶೇಷ ಶಿಕ್ಷಕರೊಬ್ಬರು ಶಾಲೆಗೆ ಬಂದಿದ್ದಾಗ ಅವನ ನೋಟ್‌ಬುಕ್ ತಿರುವಿ ಹಾಕಿ, “ಮೇಡಂ, ಇದು ಕಲಿಕಾ ನ್ಯೂನತೆ ಇರಬಹುದು. ಒಂದು ಸಲ ಟೆಸ್ಟ್ ಮಾಡಿಸಿ ನೋಡಿ” ಅಂದರು. ಅವರು ಇಡೀ ತಾಲ್ಲೂಕು ಸುತ್ತುವವರು. ಅವತ್ತು ನಮ್ಮ ಶಾಲೆಗೆ ಬರದೇ ಹೋಗಿದ್ದರೆ ನಾನು ಇನ್ನೂ ಇಪ್ಪತ್ತು ಸಲ ಬರೆಸುತ್ತಲೇ ಇರುತ್ತಿದ್ದೆ.

ಟೆಸ್ಟ್ ಮಾಡುವವರು ಯಾರು? ಇದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ನಮ್ಮ ಕಡೆ ಮನಸ್ಸಿನ ಡಾಕ್ಟರ್ ಅಂದರೆ ಒಬ್ಬರೇ, ತಲೆ ಕೆಟ್ಟವರಿಗೆ ಗುಳಿಗೆ ಕೊಡುವವರು. ಮನೋವೈದ್ಯರು ಬೇರೆ, ಕ್ಲಿನಿಕಲ್ ಸೈಕಾಲಜಿಸ್ಟ್ ಬೇರೆ ಅಂತ ತಿಳಿದದ್ದು ಆಮೇಲೆ. ಮನೋವೈದ್ಯರು ಎಂಬಿಬಿಎಸ್ ಓದಿದ ಡಾಕ್ಟರು, ಔಷಧಿ ಬರೆಯುತ್ತಾರೆ. ಸೈಕಾಲಜಿಸ್ಟ್ ಔಷಧಿ ಬರೆಯುವುದಿಲ್ಲ. ಮಗುವಿನ ಜೊತೆ ಗಂಟೆಗಟ್ಟಲೆ ಕೂತು ಅದರ ಬುದ್ಧಿ, ನೆನಪು, ಓದು, ಬರಹ ಎಲ್ಲವನ್ನೂ ಅಳೆದು ನೋಡುತ್ತಾರೆ. ಮಾತಾಡಿ ಸರಿಮಾಡುವ ಕೆಲಸವೂ ಅವರದೇ. ಎಂ.ಎ. ಮುಗಿಸಿ, ಆಸ್ಪತ್ರೆಯಲ್ಲಿ ಎರಡು ವರ್ಷ ಎಂ.ಫಿಲ್ ತರಬೇತಿ ಪಡೆದು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿ ಮಾಡಿಸಿಕೊಂಡವರು ಅವರು. ಅಂಥವರು ಬರೆದ ವರದಿಗೆ ಬೆಲೆ ಇದೆ.

ಕಾನೂನು ನಮ್ಮ ಹುಡುಗನ ಪರವಾಗಿಯೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ನ್ಯೂನತೆಗಳಿವೆ. ಓದುಬರಹದ ಈ ತೊಂದರೆಯೂ ಅದರಲ್ಲಿದೆ. 2018ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಇದನ್ನು ಯಾವ ವಯಸ್ಸಿನಿಂದ ಪರೀಕ್ಷಿಸಬೇಕು, ಯಾರು ಪರೀಕ್ಷಿಸಬೇಕು ಅನ್ನುವುದನ್ನೆಲ್ಲ ಬರೆದಿದ್ದಾರೆ. ಅದರಲ್ಲಿ ಹೇಳಿರುವ ಪರೀಕ್ಷೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ತಯಾರಿಸಿದ್ದು. ಪ್ರಮಾಣಪತ್ರ ಇದ್ದರೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚು ಸಮಯ ಕೊಡುತ್ತಾರೆ, ಬರೆಯುವುದಕ್ಕೆ ಸಹಾಯಕರನ್ನು ಕೊಡುತ್ತಾರೆ. ದೊಡ್ಡ ಊರುಗಳ ಖಾಸಗಿ ಶಾಲೆಯ ತಂದೆತಾಯಂದಿರಿಗೆ ಇದೆಲ್ಲ ಗೊತ್ತು. ನಮ್ಮ ಮಕ್ಕಳು ಸುಮ್ನೆ ಫೇಲಾಗಿ ಕೂಲಿಗೆ ಹೋಗುತ್ತಾರೆ.

ನಾನು ಹುಡುಕುವುದಕ್ಕೆ ಶುರು ಮಾಡಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಬನ್ನಿ ಅಂದರು. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆಯನ್ನು ನೀವು ಮಾಡಿದ್ದೀರಿ. ಇದು ನಿಜಕ್ಕೂ ಒಳ್ಳೆಯ ಕೆಲಸ. ಅವತ್ತು ಹೊರಗಿನ ಬೆಂಚಿನ ಮೇಲೆ ನಮ್ಮ ಪರಿಚಯದವರೇ ಮೂವರಿದ್ದರು. ವರ್ಷಗಟ್ಟಲೆ ಕೋಣೆಯಲ್ಲಿ ಕೂಡಿಹಾಕಿದ್ದ ಒಬ್ಬ ಹೆಣ್ಣುಮಗಳು ಈಗ ಮಾತ್ರೆ ತೆಗೆದುಕೊಂಡು, ತಲೆ ಬಾಚಿಕೊಂಡು ತಾನೇ ನಡೆದು ಬಂದಿದ್ದಳು. ಡಾಕ್ಟರು ನಮ್ಮ ಹುಡುಗನನ್ನು ಪ್ರೀತಿಯಿಂದ ನೋಡಿದರು. “ಇವನಿಗೆ ಮಾತ್ರೆ ಬೇಕಿಲ್ಲ. ಇವನ ಜೊತೆ ಮೂರು ನಾಲ್ಕು ಗಂಟೆ ಕೂತು ಟೆಸ್ಟ್ ಮಾಡುವವರು ಬೇಕು. ಹೊರಗೆ ನಲವತ್ತು ಜನ ಕಾಯುತ್ತಿದ್ದಾರೆ, ನಾನು ಹೇಗೆ ಮಾಡಲಿ?” ಅಂದರು. ಅವರ ಮಾತು ಸರಿಯಾಗಿಯೇ ಇತ್ತು.

ಆಮೇಲೆ ಯಾರೋ ಹೇಳಿದರು ಅಂತ ಬೇರೆ ಜಿಲ್ಲೆಯ ಒಂದು ನಗರಕ್ಕೆ ಹೋದೆವು. ಬೋರ್ಡ್ ಮೇಲೆ ಸೈಕಾಲಜಿಸ್ಟ್ ಅಂತ ಬರೆದಿತ್ತು. ಮೂರೂವರೆ ಸಾವಿರ ತೆಗೆದುಕೊಂಡರು. ಒಂದೇ ಗಂಟೆ ಕೂರಿಸಿಕೊಂಡರು. ಓದಲು ಕೊಟ್ಟ ಹಾಳೆ ಇಂಗ್ಲಿಷಿನಲ್ಲಿತ್ತು! ಕನ್ನಡ ಮಾಧ್ಯಮದ ಮಗುವಿಗೆ ಇಂಗ್ಲಿಷ್ ಓದಿಸಿ, ಇವನಿಗೆ ಬುದ್ಧಿ ಕಡಿಮೆ ಅಂತ ಬರೆದುಕೊಟ್ಟರು. ಆ ವರದಿ ಎಲ್ಲೂ ನಡೆಯಲಿಲ್ಲ. ಅವರಿಗೆ ನೋಂದಣಿಯೇ ಇರಲಿಲ್ಲ. ದುಡ್ಡು ಹೋದದ್ದು ಬೇರೆ ಮಾತು. ಆ ಕಾಗದವನ್ನು ಅವನ ಅಪ್ಪ ಓದಿಬಿಟ್ಟಿದ್ದರು. ಶಾಲೆ ಬಿಡಿಸಿ ಕುರಿ ಕಾಯಲು ಕಳಿಸೋಣ ಅಂತ ಮನೆಯಲ್ಲಿ ಮಾತಾಯಿತು. ಅದನ್ನು ತಡೆಯಲು ನಾನು ಮೂರು ಸಂಜೆ ಅವರ ಕಟ್ಟೆಯ ಮೇಲೆ ಕೂತಿದ್ದೇನೆ.

ಈ ಪತ್ರ ಓದುವ ತಂದೆತಾಯಂದಿರಿಗೆ ಇಲ್ಲಿಯೇ ಒಂದು ಮಾತು. ಬೋರ್ಡ್ ನೋಡಿ ಒಳಗೆ ಹೋಗಬೇಡಿ. ಆರ್‌ಸಿಐ ನೋಂದಣಿ ಸಂಖ್ಯೆ ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ, ಇದ್ದವರು ಖುಷಿಯಿಂದ ಹೇಳುತ್ತಾರೆ. ಮಗುವಿಗೆ ಅದು ಕಲಿತ ಭಾಷೆಯಲ್ಲೇ ಪರೀಕ್ಷೆ ಮಾಡುತ್ತೀರಾ ಅಂತಲೂ ಕೇಳಿ.

ಕೊನೆಗೆ ಧಾರವಾಡದ ಮಾನಸಿಕ ಆಸ್ಪತ್ರೆಗೆ, ಡಿಮ್ಹಾನ್ಸ್‌ಗೆ, ಹೋದೆವು. ಹುಡುಗ, ಅವನ ಅವ್ವ, ನಾನು. ಅವ್ವನನ್ನು ಹೊರಡಿಸುವುದೇ ಕಷ್ಟವಾಗಿತ್ತು. “ಅಕ್ಕೋರೆ, ನನ್ನ ಮಗನ ತಲೀ ಸರಿ ಐತಲ್ರಿ? ಮತ್ಯಾಕ್ರಿ ಅಲ್ಲಿಗೆ? ನಾಳೆ ಯಾರರ ಹೆಣ್ಣ ಕೊಡ್ತಾರೇನ್ರಿ ಇವಗ?” ಅಂದರು. ಹನ್ನೊಂದು ವರ್ಷದ ಹುಡುಗನ ಮದುವೆಯ ಚಿಂತೆ ಅದು. ಧಾರವಾಡದಲ್ಲಿ ಆಸ್ಪತ್ರೆಗೆ ಹೋಗುವುದು ಅಂದರೆ ನಮ್ಮ ಕಡೆ ಇವತ್ತಿಗೂ ಒಂದೇ ಅರ್ಥ.

ಬೆಳಗಿನ ಜಾವದ ಬಸ್ಸು. ಗದಗ, ಹುಬ್ಬಳ್ಳಿ ದಾಟಿ ಹೋಗಬೇಕು. ಶಕ್ತಿ ಯೋಜನೆ ಇದ್ದದ್ದರಿಂದ ನಮ್ಮಿಬ್ಬರಿಗೂ ಟಿಕೆಟ್ ಖರ್ಚಿಲ್ಲ, ಹುಡುಗನಿಗೆ ಅರ್ಧ ಟಿಕೆಟ್. ಇದಕ್ಕೆ ಸರ್ಕಾರಕ್ಕೆ ಧನ್ಯವಾದ ಹೇಳಲೇಬೇಕು. ಆದರೆ ದಿನ ಪುಕ್ಕಟೆ ಸಿಗುವುದಿಲ್ಲ ಅಲ್ವಾ? ಮೊದಲ ದಿನ ವಿವರ ಬರೆದುಕೊಂಡು ದಿನಾಂಕ ಕೊಟ್ಟರು. ಎರಡನೇ ಸಲ ಹೋದಾಗ ಟೆಸ್ಟ್. ಮೂರನೇ ಸಲ ವರದಿ. ವರದಿ ಬೇರೆ, ಪ್ರಮಾಣಪತ್ರ ಬೇರೆ, ಅದಕ್ಕೆ ಮತ್ತೆ ಜಿಲ್ಲಾ ಆಸ್ಪತ್ರೆ. ಒಟ್ಟು ನಾಲ್ಕು ದಿನ. ನಾಲ್ಕು ದಿನದ ಕೂಲಿ ಹೋಯಿತು, ನನ್ನ ರಜೆ ಹೋಯಿತು. ಅಲ್ಲಿಯವರ ತಪ್ಪೇನೂ ಇಲ್ಲ. ಎಷ್ಟೋ ಜಿಲ್ಲೆಯ ಜನ ಒಂದೇ ಬಾಗಿಲ ಮುಂದೆ ಕೂತಿದ್ದರು. ಪಕ್ಕದಲ್ಲಿದ್ದ ಒಬ್ಬ ತಾಯಿ ಲಿಂಗಸುಗೂರಿನಿಂದ ಬಂದಿದ್ದರು, ರಾತ್ರಿ ಬಸ್ ನಿಲ್ದಾಣದಲ್ಲೇ ಮಲಗಿದ್ದರು.

ಅಲ್ಲಿ ಟೆಸ್ಟ್ ಮಾಡಿದವರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಪೆನ್ಸಿಲ್ ಕೊಡಲೇ ಇಲ್ಲ. ಮೊದಲ ಅರ್ಧ ಗಂಟೆ ಬರೀ ಸೈಕಲ್ ಚೈನ್ ಹಾಕುವುದು ಹೇಗೆ ಅಂತ ಅವನಿಂದ ಹೇಳಿಸಿಕೊಂಡರು. ಅವನು ‘ಉಳ್ಳಾಗಡ್ಡಿ’ ಅಂದರೆ ಅವರಿಗೆ ಅರ್ಥವಾಗುತ್ತಿತ್ತು. ‘ಐತ್ರಿ’, ‘ಹೋಗ್ಯಾನ್ರಿ’ ಅಂದದ್ದನ್ನು ತಪ್ಪು ಅಂತ ಗುರುತು ಹಾಕಲಿಲ್ಲ. ಇದು ಸಣ್ಣ ಸಂಗತಿ ಅಲ್ಲ. ಪರೀಕ್ಷೆ ಮಾಡುವವರಿಗೆ ನಮ್ಮ ಕಡೆಯ ಮಾತು ತಿಳಿಯದಿದ್ದರೆ ಮಗುವಿನ ಸರಿ ಉತ್ತರವೂ ತಪ್ಪಾಗುತ್ತದೆ. ಕನ್ನಡದಲ್ಲಿ ಓದುವ ತೊಂದರೆ ಇಂಗ್ಲಿಷಿನ ಹಾಗೆ ಕಾಣಿಸಿಕೊಳ್ಳುವುದೂ ಇಲ್ಲ. ನಮ್ಮಲ್ಲಿ ಅಕ್ಷರಕ್ಕೂ ಉಚ್ಚಾರಕ್ಕೂ ಹೊಂದಾಣಿಕೆ ಜಾಸ್ತಿ. ಹಾಗಾಗಿ ಮಗು ಹೇಗೋ ಅಕ್ಷರ ಕೂಡಿಸಿ ಕೂಡಿಸಿ ಓದಿಬಿಡುತ್ತದೆ. ಆದರೆ ವಿಪರೀತ ನಿಧಾನ. ಒತ್ತಕ್ಷರ, ದೀರ್ಘ, ಮಹಾಪ್ರಾಣ ಬಂದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಹೇಗೂ ಓದಿತಲ್ಲ ಅಂತ ನಾವು ಮುಂದಿನ ತರಗತಿಗೆ ದಾಟಿಸಿಬಿಡುತ್ತೇವೆ.

ಕನ್ನಡ ಮಕ್ಕಳನ್ನು ಕನ್ನಡದಲ್ಲೇ ಪರೀಕ್ಷಿಸುವುದು ಹೊಸ ಆಸೆಯೇನೂ ಅಲ್ಲ. ಫ್ರಾನ್ಸಿನ ಬಿನೆ ಮಾಡಿದ ಬುದ್ಧಿ ಪರೀಕ್ಷೆಯನ್ನು ವಿ.ವಿ. ಕಾಮತ್ ಅವರು 1930ರ ದಶಕದಲ್ಲಿಯೇ ಮರಾಠಿ ಮತ್ತು ಕನ್ನಡ ಮಕ್ಕಳಿಗೆ ಒಗ್ಗಿಸಿದ್ದರು. ಬಿನೆ-ಕಾಮತ್ ಪರೀಕ್ಷೆ ಅನ್ನುವ ಹೆಸರು ಈಗಲೂ ಬಳಕೆಯಲ್ಲಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿಯೇ ಮನಶ್ಶಾಸ್ತ್ರ ವಿಭಾಗ ತೆರೆದರು. ಅದರ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ ಅವರೇ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಶುರು ಮಾಡಿದವರು. ಅವರ ರೇಡಿಯೋ ಊರೂರು ಮುಟ್ಟಿತು. ಅವರು ಕಲಿಸಿದ ಶಾಸ್ತ್ರ ಮಾತ್ರ ನಮ್ಮ ತಾಲ್ಲೂಕಿನವರೆಗೆ ಇನ್ನೂ ಬಂದಿಲ್ಲ.

ವರದಿಯಲ್ಲಿ ಹುಡುಗನ ಬುದ್ಧಿ ವಯಸ್ಸಿಗೆ ತಕ್ಕಂತೆ ಇದೆ, ಓದು ಬರಹದಲ್ಲಿ ಮಾತ್ರ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ ಅಂತ ಬಂತು. ಹೇಗೆ ಕಲಿಸಬೇಕು ಅನ್ನುವುದನ್ನು ನನಗೂ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಈಗ ಒತ್ತಕ್ಷರವನ್ನು ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ಪ್ರಶ್ನೆ ಓದಿ ಹೇಳುತ್ತೇನೆ, ಅವನು ಬಾಯಲ್ಲಿ ಉತ್ತರ ಹೇಳುತ್ತಾನೆ. ಈಗಲೂ ನಿಧಾನವಾಗಿಯೇ ಓದುತ್ತಾನೆ. ಶಾಲೆ ತಪ್ಪಿಸುವುದು ಮಾತ್ರ ನಿಂತಿದೆ.

ಈಗ ನಾನು ಕೇಳಬೇಕಾದ ವಿಷಯಕ್ಕೆ ಬರುತ್ತೇನೆ.

ಮಾನ್ಯ ಆರೋಗ್ಯ ಸಚಿವರೇ, ನಮ್ಮ ಜಿಲ್ಲೆಯ ಹೆಸರಿನಲ್ಲಿ ಒಂದು ಮಾದರಿ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಗೆ ಬಂದು, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರರಿಗೆ ಮತ್ತು ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಮನಸ್ಸಿನ ಕಾಯಿಲೆಗೆ ಊರಿನ ಹತ್ತಿರವೇ ಔಷಧಿ ಸಿಗುವ ಹಾಗೆ ಮಾಡಿದರು. ಅದನ್ನೇ ನೋಡಿಕೊಂಡು 1996ರಲ್ಲಿ ಇಡೀ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಇವತ್ತಿಗೂ ಅದನ್ನು ಬಳ್ಳಾರಿ ಮಾದರಿ ಅನ್ನುತ್ತಾರೆ. ಇದನ್ನು ಓದಿದಾಗ ನನಗೆ ಹೆಮ್ಮೆಯಾಯಿತು. ಜೊತೆಗೇ ಅಳುವೂ ಬಂತು. ದೇಶಕ್ಕೆ ದಾರಿ ತೋರಿಸಿದ ಜಿಲ್ಲೆಯ ಮಗು ಒಂದು ಟೆಸ್ಟಿಗೆ ಮೂರು ಸಲ ಧಾರವಾಡಕ್ಕೆ ಹೋಗಬೇಕಾಯಿತಲ್ಲ.

ಜಿಲ್ಲಾ ತಂಡದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಹುದ್ದೆ ಇದೆ. ಆದರೆ ಇಡೀ ಜಿಲ್ಲೆಗೆ ಒಬ್ಬರು ಸಾಕಾಗುತ್ತಾರಾ? ಅದೂ ಗುತ್ತಿಗೆಯ ಕೆಲಸ ಆದರೆ ಎರಡು ವರ್ಷದ ಎಂ.ಫಿಲ್ ಮಾಡಿದವರು ಯಾಕೆ ನಿಲ್ಲುತ್ತಾರೆ? ಬೆಂಗಳೂರಿಗೆ ಹೋಗುತ್ತಾರೆ. ನಾನಾದರೂ ಅದನ್ನೇ ಮಾಡುತ್ತಿದ್ದೆನೇನೋ.

ನಾನು ಕೇಳುವುದು ಇಷ್ಟು. ಮನೋವೈದ್ಯರಿಗೆ ಮಂಗಳವಾರ ಇಟ್ಟ ಹಾಗೆ ಸೈಕಾಲಜಿಸ್ಟ್‌ಗೂ ಒಂದು ದಿನ ಇಡಿ. ಪ್ರತಿ ತಾಲ್ಲೂಕಿಗೆ ಒಬ್ಬರು ಅಂತ ಇವತ್ತೇ ಆಗುವುದಿಲ್ಲ, ಅದು ನನಗೂ ಗೊತ್ತು. ನಾಲ್ಕು ತಾಲ್ಲೂಕಿಗೆ ಒಬ್ಬರನ್ನು ಕೊಡಿ. ವಾರದಲ್ಲಿ ಒಂದು ದಿನ ನಮ್ಮಲ್ಲಿ ಇರಲಿ. ಆ ದಿನ ಬದಲಾಗಬಾರದು. ಸಂತೆ ಯಾವ ದಿನ ಅಂತ ನಮ್ಮ ಜನಕ್ಕೆ ಹೇಗೆ ಬಾಯಿಪಾಠವೋ ಹಾಗೆ ಇದೂ ಬಾಯಿಪಾಠ ಆಗಬೇಕು. ಕೋಣೆ ಮಾತ್ರ ಬೇರೆ ಇರಲಿ, ಬಾಗಿಲು ಮುಚ್ಚಿ ಮಾತಾಡುವಂಥದ್ದು. ಔಷಧಿ ಕೌಂಟರಿನ ಸಾಲಿನಲ್ಲಿ ನಿಂತವರೆಲ್ಲ ಕೇಳುವ ಹಾಗೆ ಒಂದು ಹುಡುಗಿ ತನ್ನ ಕಷ್ಟ ಹೇಳುವುದಿಲ್ಲ.

ದುಡ್ಡು ಎಲ್ಲಿಂದ ಅನ್ನಬಹುದು. ನಮ್ಮ ಭಾಗಕ್ಕೆ ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನ ಇದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಮಂಡಳಿಯ ದುಡ್ಡಿನಿಂದ ಶಾಲಾ ಕೊಠಡಿಗಳು ಆಗಿವೆ, ಚೆನ್ನಾಗಿಯೂ ಇವೆ. ಕಟ್ಟಡದ ಒಂದು ಪಾಲನ್ನು ಮನುಷ್ಯರಿಗೆ ಖರ್ಚು ಮಾಡಿ ಅಂತ ಬೇಡುತ್ತೇನೆ. ಕೊಪ್ಪಳ, ರಾಯಚೂರು, ಯಾದಗಿರಿಯಲ್ಲಿ ಮನಶ್ಶಾಸ್ತ್ರ ಎಂ.ಎ. ಓದಬಲ್ಲ ಹೆಣ್ಣುಮಕ್ಕಳು ಬೇಕಾದಷ್ಟಿದ್ದಾರೆ. ಅವರಿಗೆ ಧಾರವಾಡದ ಡಿಮ್ಹಾನ್ಸ್‌ನಲ್ಲೋ ನಿಮ್ಹಾನ್ಸ್‌ನಲ್ಲೋ ತರಬೇತಿ ಕೊಡಿಸಿ. ಸರ್ಕಾರವೇ ಖರ್ಚು ನೋಡಿಕೊಳ್ಳಲಿ. ಓದು ಮುಗಿದ ಮೇಲೆ ಐದು ವರ್ಷ ತಮ್ಮ ಜಿಲ್ಲೆಯಲ್ಲೇ ಕೆಲಸ ಮಾಡುವ ಕರಾರು ಹಾಕಿ. ಎಂಬಿಬಿಎಸ್ ಓದಿದವರಿಗೆ ಕಡ್ಡಾಯ ಸೇವೆಯ ಕಾನೂನನ್ನು ಕರ್ನಾಟಕ 2012ರಲ್ಲೇ ಮಾಡಿದೆ. ಇದೂ ಆಗದ ಕೆಲಸವಲ್ಲ. ‘ಉಳ್ಳಾಗಡ್ಡಿ’ ಅಂದರೆ ಅರ್ಥವಾಗುವವರು ಆಗ ನಮಗೆ ಸಿಗುತ್ತಾರೆ.

ಮಾನ್ಯ ಶಿಕ್ಷಣ ಸಚಿವರೇ, 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿದೆ. ವಿಶಾಖಪಟ್ಟಣದಲ್ಲಿ ನೀಟ್ ಕೋಚಿಂಗಿಗೆ ಹೋಗಿದ್ದ ಹುಡುಗಿಯೊಬ್ಬಳ ಸಾವಿನ ಪ್ರಕರಣ ಅದು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲಿ ತರಬೇತಾದ ಒಬ್ಬ ಆಪ್ತ ಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ ಇರಬೇಕು ಅಂತ ಕೋರ್ಟ್ ಹೇಳಿದೆ. ಅದಕ್ಕಿಂತ ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು ಅಂದಿದೆ. ನಮ್ಮ ಶಾಲೆಯಲ್ಲಿ 212 ಮಕ್ಕಳಿದ್ದಾರೆ. ಸಮಾಲೋಚಕರು ಯಾರು ಅಂತ ಕೇಳಿದರೆ ನನ್ನ ಹೆಸರನ್ನೇ ಬರೆಯುತ್ತಾರೆ, ಎರಡು ದಿನದ ತರಬೇತಿಗೆ ಹೋಗಿ ಬಂದೆ ಅಂತ. ಮಕ್ಕಳ ಮಾತು ಕೇಳುವುದು ನನ್ನ ಕೈಲಾಗುತ್ತದೆ, ಕೇಳುತ್ತೇನೆ. ಅದರಾಚೆಗೆ ಏನು ಮಾಡಬೇಕು ಅಂತ ನನಗೆ ಗೊತ್ತಿಲ್ಲ. ದಯವಿಟ್ಟು ಹೆಸರು ಬರೆದುಕೊಂಡು ಲೆಕ್ಕ ಮುಗಿಸಬೇಡಿ.

ಆರ್‌ಬಿಎಸ್‌ಕೆ ತಂಡ ಶಾಲೆಗೆ ಬಂದು ಮಕ್ಕಳ ಕಣ್ಣು, ಹಲ್ಲು, ಹೃದಯ ನೋಡುತ್ತದೆ. ನಮ್ಮ ಒಬ್ಬ ಹುಡುಗಿಯ ಹೃದಯದ ತೂತನ್ನು ಅವರೇ ಮೊದಲು ಕಂಡುಹಿಡಿದದ್ದು. ಆ ತಂಡದ ಜೊತೆಗೇ ಮೂರನೇ ತರಗತಿಯ ಮಕ್ಕಳ ಓದನ್ನೂ ಒಮ್ಮೆ ನೋಡಿಸಿ. ಆಗ ಎಂಟು ವರ್ಷಕ್ಕೇ ತಿಳಿಯುತ್ತದೆ. ಅವರು ಬರೆದುಕೊಡುವ ಚೀಟಿ ಎಷ್ಟೋ ಸಲ ಮಗುವಿನ ಚೀಲದಲ್ಲೇ ಮುದುರಿಕೊಂಡು ಇದ್ದುಬಿಡುತ್ತದೆ, ಯಾಕೆಂದರೆ ಜಿಲ್ಲಾ ಕೇಂದ್ರಕ್ಕೆ ಹೋಗುವುದಕ್ಕೆ ಒಂದು ದಿನದ ಕೂಲಿ ಬಿಡಬೇಕು. ಅದೇ ಚೀಟಿ ತಾಲ್ಲೂಕು ಆಸ್ಪತ್ರೆಗೆ ಅಂತ ಇದ್ದರೆ ಸಂತೆಗೆ ಬಂದಾಗ ತೋರಿಸಿಕೊಂಡು ಹೋಗುತ್ತಾರೆ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416 ಟೆಲಿ ಮನಸ್ ಬಗ್ಗೆಯೂ ಹೇಳಬೇಕು. ಆ ನಂಬರನ್ನು ನಾನೇ ಶಾಲೆಯ ಗೋಡೆಯ ಮೇಲೆ ಬರೆಸಿದ್ದೇನೆ. ಒಂದು ರಾತ್ರಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಅದು ನಿಜಕ್ಕೂ ಆಸರೆಯಾಯಿತು. ಕನ್ನಡದಲ್ಲೇ ಮಾತಾಡಿದರಂತೆ. ಆದರೆ ಮಗು ಪೆನ್ಸಿಲ್ ಹೇಗೆ ಹಿಡಿಯುತ್ತದೆ, ಯಾವ ಅಕ್ಷರದ ಹತ್ತಿರ ಕಣ್ಣು ನಿಲ್ಲುತ್ತದೆ ಅನ್ನುವುದನ್ನು ಫೋನಿನಲ್ಲಿ ನೋಡಲಾಗುವುದಿಲ್ಲ.

ನನ್ನ ಡೈರಿಯಲ್ಲಿ ಇನ್ನೂ ನಾಲ್ಕು ಹೆಸರುಗಳಿವೆ. ಅಪ್ಪ ತೀರಿಕೊಂಡ ಮೇಲೆ ಒಬ್ಬ ಹುಡುಗಿ ಶಾಲೆಯಲ್ಲಿ ಮಾತಾಡುವುದನ್ನೇ ನಿಲ್ಲಿಸಿದ್ದಾಳೆ. ಮನೆಯವರು ಹುಲಿಗಿಗೆ ಕರೆದುಕೊಂಡು ಹೋಗಿ ಹುಲಿಗೆಮ್ಮನಿಗೆ ಹರಕೆ ಹೊತ್ತು ಬಂದಿದ್ದಾರೆ. ಹೋಗಲಿ, ಅದರಲ್ಲಿ ತಪ್ಪೇನಿಲ್ಲ, ತಾಯಿಗೆ ಅದರಿಂದ ಧೈರ್ಯ ಬಂದಿದೆ. ಅದರ ಜೊತೆಗೆ ಆ ಹುಡುಗಿಯ ಹತ್ತಿರ ಕೂತು ಮಾತಾಡಿಸಬಲ್ಲವರು ಒಬ್ಬರು ಬೇಕು. ಎಂಟನೇ ತರಗತಿಯ ಇನ್ನೊಬ್ಬಳು ಪರೀಕ್ಷೆಯ ದಿನ ಕೈ ನಡುಗಿ ಬಿದ್ದುಬಿಡುತ್ತಾಳೆ. ಒಂದನೇ ತರಗತಿಯ ಪುಟ್ಟ ಹುಡುಗ ಕರೆದರೆ ತಿರುಗುವುದಿಲ್ಲ, ದಿನವಿಡೀ ಕಿಟಕಿಯ ಸರಳು ಎಣಿಸುತ್ತಾನೆ. ನಾಲ್ಕನೆಯವನು ನನ್ನ ಹುಡುಗನ ತಮ್ಮ. ಅವನೂ ‘ಕತ್ತೆ’ಯನ್ನು ‘ಕತೆ’ ಅಂತಲೇ ಓದುತ್ತಿದ್ದಾನೆ. ಈಗ ಮೂರನೇ ತರಗತಿ.

ಇವರ ಅವ್ವ ಮೊನ್ನೆ ಶಾಲೆಯ ಗೇಟಿನ ಹತ್ತಿರ ನಿಂತು, “ಅಕ್ಕೋರೆ, ಸಣ್ಣವನ್ನೂ ಧಾರವಾಡಕ್ಕ ಕರ್ಕೊಂಡು ಹೋಗೂದೈತೇನ್ರಿ?” ಅಂತ ಕೇಳಿದರು. ಈ ಸಲ ಹೆದರಿಕೆ ಇರಲಿಲ್ಲ, ಅವರು ದಿನದ ಲೆಕ್ಕ ಹಾಕುತ್ತಿದ್ದರು. ಸ್ವಲ್ಪ ತಡೀರಿ, ಸರ್ಕಾರಕ್ಕೆ ಒಂದು ಕಾಗದ ಬರೆಯುತ್ತೇನೆ ಅಂದೆ.

ಆ ಕಾಗದ ಇದು. ನಮ್ಮ ತಾಲ್ಲೂಕಿಗೆ ಯಾವ ದಿನ ಅಂತ ತಿಳಿಸಿ. ತಿಳಿದ ಕೂಡಲೇ ಗೋಡೆಯ ಮೇಲೆ 14416ರ ಕೆಳಗೆ ಬರೆಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹಳೆಯ ಬಳ್ಳಾರಿ ಜಿಲ್ಲೆಯ ಒಬ್ಬ ಕನ್ನಡ ಶಿಕ್ಷಕಿ